ಅಪ್ಪನ ಕಾಲಿಗೆ ಎಣ್ಣೆ ಹಚ್ಚಬ್ಯಾಡ

ತಿಪ್ಪೇಶ,

ನಾನು ಹೊನ್ನಾಳಿಗೆ ಹೊರಟೆ, ಸಂಜೆ ಬರ್ತೀನಿ.

ಅಪ್ಪನ ಸೊಂಟದ ಆಪರೇಷನ್ ಆಗಿ ಆರು ದಿನ ಆತು. ಎರಡು ತಾಸಿಗೊಮ್ಮೆ ಎಬ್ಬಿಸಿ ಬಾಗಿಲ ತನಕ ನಡೆಸು, ಬೈದ್ರೆ ಬೈಸ್ಕೊ. ರಕ್ತ ಹೆಪ್ಪುಗಟ್ಟದಂಗೆ ಕೊಡೋ ಇಂಜೆಕ್ಷನ್ನಿಗೆ ನರ್ಸಮ್ಮ ಹತ್ತಕ್ಕೆ ಬರ್ತಾರೆ. ಕೆರೆಬಿಳಚಿ ಅತ್ತೆ ಬಂದು "ಏಳಬ್ಯಾಡಣ್ಣ, ಮಲ್ಕೊ" ಅಂದ್ರೆ ಟೀ ಕೊಟ್ಟು ಕಳಿಸು. ಅವ್ವನ ಆಪರೇಷನ್ ಆದಾಗ್ಲೂ ಹಂಗೇ ಅಂದಿದ್ರು. ನಾವೂ ಹನ್ನೆರಡು ದಿನ ಅವ್ವನ್ನ ಮಂಚದಿಂದ ಇಳಿಸ್ಲಿಲ್ಲ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋತು.

ಕಾಲು ನೋಯ್ತೈತೆ ಅಂದ್ರೆ ಡಾಕ್ಟರಿಗೆ ಫೋನ್ ಮಾಡು, ತಿಕ್ಕಬ್ಯಾಡ. ತಿಕ್ಕಿದ್ರೆ ಹೆಪ್ಪು ಕಿತ್ತು ಎದೆಗೆ ಹೋಗ್ತೈತಂತೆ. ಎಣ್ಣೆ ಹುಡುಕಬ್ಯಾಡ, ಚೆಲ್ಲೀನಿ.

ಅವ್ವ ಹೋದ ದಿನ ಬೆಳಿಗ್ಗೆ ಮೀನಖಂಡ ನೋಯ್ತೈತೆ ಅಂದ್ಲು. ನಾನೇ ಎಣ್ಣೆ ಬಿಸಿ ಮಾಡಿ ಅರ್ಧ ಗಂಟೆ ತಿಕ್ಕಿದೆ. "ಈಗ ಹಗುರಾತು ಬಿಡು ಮಗಳೆ" ಅಂದಿದ್ಲು.

ಓದಿದ ಮೇಲೆ ಚೀಟಿ ಒಲೆಗೆ ಹಾಕು. ಅಪ್ಪಗೆ ಗೊತ್ತಿಲ್ಲ.

ಅಕ್ಕ