ಸಂತೆಯಲ್ಲಿ ಹಾಕಿದ ಬೇಡಿ

ದೋಸ್ತ ಮಾಣಿಕಪ್ಪಾ,

ನಿನ್ನೆ ಪೊಲೀಸ್ ನೌಕರಿಯಿಂದ ನಿವೃತ್ತನಾದೆ. ಹೂವು ಕಟ್ಟಿದ ಜೀಪಿನಲ್ಲಿ ನನ್ನನ್ನು ಕೂರಿಸಿ, ಸಾಹೇಬರೇ ಮುಂದೆ ನಿಂತು ಹಗ್ಗ ಹಿಡಿದು ಎಳೆದರು. ಕಲಬುರಗಿಯಲ್ಲಿ ಬೇರೆ ಯಾವ ಜಮಾದಾರನಿಗೆ ಈ ಮರ್ಯಾದೆ ಸಿಕ್ಕಿದೆ, ಹೇಳು. ನೀನು ಸತ್ತು ತಪ್ಪಿಸಿಕೊಂಡೆ, ಇಲ್ಲದಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಇವತ್ತು ಧೋತರ ಉಟ್ಟು, ಬಸ್ಸು ಹಿಡಿದು ಕಮಲಾಪುರದ ನಿನ್ನ ಮನೆಗೆ ಹೋದೆ. ನಿನ್ನ ಮಗಳು ಕಾವೇರಿ ಚಹಾ ಕೊಟ್ಟು ಎದುರಿಗೇ ಕೂತಳು.

"ಕಾಕಾ, ಅವತ್ತ ಅಪ್ಪ ಬಾಳೆಹಣ್ಣಿನ ವ್ಯಾಪಾರಿಯ ತಲಿ ಒಡದಿದ್ದು ಖರೆ. ಈ ಊರ ಠಾಣ್ಯಾಗಿದ್ದ ನೀವು ಹಿಡದಿದ್ದೂ ಬರೋಬರಿ. ಆದ್ರ ಬೇಡಿ ಹಾಕಿ ತುಂಬಿದ ಸಂತ್ಯಾಗ ಯಾಕ ನಡಿಸಿದ್ರಿ? ಠಾಣೆಗೆ ಹೋಗಾಕ ಸಂತಿ ಹಿಂದಿನ ಓಣಿ ಇತ್ತಲ್ಲ."

"ದೋಸ್ತನ್ನ ಕದ್ದುಮುಚ್ಚಿ ಒಯ್ದ ಅಂತಿದ್ರವ್ವ ಮಂದಿ," ಎಂದೆ.

"ಮಂದಿಗೆ ತೋರ್ಸಾಕ ನಮ್ಮಪ್ಪನೇ ಬೇಕಿತ್ತೇನು?"

ಅವಳ ಬಾಯಿ ನಿನ್ನದೇ. ನಾನೇನು ತಲೆ ತಗ್ಗಿಸಲಿಲ್ಲ. ನಾಳೆ ನೀನು ಎದ್ದು ಬಂದು ಇನ್ನೊಬ್ಬನ ತಲೆ ಒಡೆದರೂ ಹಿಡಿಯುವವನು ನಾನೇ, ನಿವೃತ್ತನಾದರೇನಂತೆ.

ಬಸ್ ನಿಲ್ದಾಣಕ್ಕೆ ಹೊರಟವನು ಸುಮ್ಮನೆ ಆ ಓಣಿ ಹಿಡಿದೆ. ಠಾಣೆಯವರೆಗೆ ಇನ್ನೂರ ಹನ್ನೊಂದು ಹೆಜ್ಜೆ. ಒಂದು ಎಮ್ಮೆ ಬಿಟ್ಟರೆ ನನ್ನನ್ನು ಯಾರೂ ನೋಡಲಿಲ್ಲ.

ಜಮಾದಾರ ಧೂಳಪ್ಪ