ಹೆಂಡತಿಯನ್ನೂ ಕೇಳುತ್ತಾರೆ

ಮೇ 4, ಬೆಳಗ್ಗೆ 8

ಚಳಿಗಾಲ ಬಂತು, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಮತ್ತೆ ಮೊಲಕ್ಕೆಂದು ಹೋದೆ. ಸಿಗಲಿಲ್ಲ. ಸಿಗುವುದೆಲ್ಲಿಂದ... ಕುರಿ ಶೆಡ್ಡಿನಲ್ಲೇ ಕೂತಿದ್ದೆ, ಬಂದೂಕು ತೊಡೆಯ ಮೇಲೆ. ತಮ್ಮ ಯೂವನ್ ಸತ್ತ ಮೇಲೆ ದಿನಾ ಇದೇ. ಹೆಂಡತಿ ಮೊಯಿರಾಗೆ ಗೊತ್ತಿಲ್ಲ, ಪುಣ್ಯ.

ಬಂದೂಕಿನ ಲೈಸೆನ್ಸ್ ಅವಧಿ ಮುಗಿಯಿತು. ಹತ್ತು ವರ್ಷ ಆಯಿತೇ! ಫಾರಂ ತುಂಬಿದೆ. ಮನಸ್ಸಿನ ಆರೋಗ್ಯ? ಚೆನ್ನಾಗಿದೆ.

ಬಂದೂಕು ಕ್ಲಬ್ಬಿನ ಡೂಗಲ್ ಫೋನ್ ಮಾಡಿದ್ದ. "ಲಾಕೀ, ಇಪ್ಪತ್ತೆಂಟಕ್ಕೆ ಹೊಸ ಲೈಸೆನ್ಸ್ ನಿಯಮದ ವಿರುದ್ಧ ಸಭೆ. ನೀನೇ ಮಾತಾಡ್ಬೇಕು. ಕ್ರೈಸ್ಟ್‌ಚರ್ಚಲ್ಲಿ ಯಾವನೋ ಪಾಪಿ ಮಸೀದೀಲಿ ಜನರನ್ನ ಗುಂಡಿಟ್ಟು ಕೊಂದ ಅಂತ ಪೊಲೀಸ್ರು ನಮ್ಮನೆ ಮಂಚದ ಕೆಳಗೆ ಇಣುಕ್ತಾರಲ್ಲ!" ಒಪ್ಪಿಕೊಂಡೆ.

ಮೇ 11, ಸಂಜೆ

ಲೈಸೆನ್ಸ್ ಬಗ್ಗೆ ಪೊಲೀಸರ ಪರವಾಗಿ ವಿಚಾರಿಸಲು ಹಿನೆಮೋವಾ ಎಂಬಾಕೆ ಬಂದಿದ್ದರು. ಎಲ್ಲದಕ್ಕೂ ಪಟಪಟ ಉತ್ತರಿಸಿದೆ. ಆಮೇಲೆ — "ನೀವು ಸ್ವಲ್ಪ ಹೊರಗಿರ್ತೀರಾ? ಮನೆಯವರ ಹತ್ರ ಮಾತಾಡ್ಬೇಕು."

"ಕೇಳಿ, ಕೇಳಿ. ಬೂಟು ಒರೆಸ್ದೆ ಒಳಗೆ ಬರ್ತಾನೆ ಅಂತಾಳೆ, ಇನ್ನೇನು!"

ಐದು ನಿಮಿಷ ಅಂದುಕೊಂಡಿದ್ದೆ. ನಲವತ್ತು ನಿಮಿಷ.

ಆಕೆ ಕಾರು ಹತ್ತಿ ಹೋದರು. ಮೊಯಿರಾಳೇ ಹೇಳಿದಳು, ಆಲೂಗಡ್ಡೆ ಸುಲಿಯುತ್ತಾ. "ಲೈಸೆನ್ಸ್ ಕೊಡ್ಬೇಡಿ ಅಂದೆ. ಇರೋ ಎರಡು ಬಂದೂಕನ್ನೂ ತಗೊಂಡ್ಹೋಗಿ ಅಂದೆ."

ನಲವತ್ತೊಂದು ವರ್ಷದ ಸಂಸಾರ. ಬೆನ್ನಿಗೆ ಚೂರಿ.

ಮೇ 13

ಪೊಲೀಸರು ಬಂದು ಎರಡೂ ಬಂದೂಕು ಒಯ್ದರು. ಅವಳ ಜೊತೆ ಮಾತಿಲ್ಲ.

ಮೇ 22

ಕೇಳಿಯೇಬಿಟ್ಟೆ. ಹೇಗೆ ಗೊತ್ತಾಯಿತು?

"ಮೊಲ ಹೊಡೀತೀನಿ ಅಂತ ಹೋಗ್ತೀಯ. ಮೂರು ತಿಂಗಳಿಂದ ಒಂದು ಗುಂಡಿನ ಸದ್ದೂ ಇಲ್ಲ. ದಿನಾ ಸಿಂಕಿನ ಹತ್ರ ನಿಂತು ಕಿವಿ ಕೊಡ್ತಿದ್ದೆ ಕಣೋ. ಒಂದೇ ಒಂದು ಸದ್ದು ಕೇಳಿಸಿಬಿಟ್ರೆ... ಅಂತ."

"ನನ್ನನ್ನ ಕೇಳ್ಬಹುದಿತ್ತು."

"ಎಷ್ಟು ಸಲ ಕೇಳ್ಲಿ! ಚೆನ್ನಾಗಿದೀನಿ, ಚೆನ್ನಾಗಿದೀನಿ. ನನ್ನನ್ನ ಕೇಳಿದವರು ಆಯಮ್ಮ ಒಬ್ಬರೇ."

ದಿನಾ ಬೆಳಗ್ಗೆ ಅಷ್ಟು ಹೆದರಿ, ನಾನು ಬಂದ ಕೂಡಲೇ ಮೊಟ್ಟೆ ಬೇಯಿಸಿ ಕೊಟ್ಟಿದ್ದಾಳೆ. ನಾನು ತಿಂದು ಎದ್ದು ಹೋಗಿದ್ದೇನೆ. ಯಾರ ಜೊತೆ ಬಾಳುತ್ತಿದ್ದೆ ನಾನು? ಎದುರು ಕೂತವಳನ್ನು ಹೊಸದಾಗಿ ನೋಡಿದೆ. ಬೆರಗು... ಬೇರೆ ಮಾತು ಸಿಗುತ್ತಿಲ್ಲ.

ಮೇ 28

ಸಭೆ. ಹಾಲ್ ಭರ್ತಿ. ಡೂಗಲ್ ಶುರು ಮಾಡಿದ: "ಜನರ ಮೇಲೆ ಗುಂಡು ಹಾರಿಸೋನು ಫಾರಂ ತುಂಬ್ತಾನೇನ್ರೀ?" ಚಪ್ಪಾಳೆಯೋ ಚಪ್ಪಾಳೆ.

ಎದ್ದೆ. "ತುಂಬ್ತಾನೆ. ಮುದ್ದಾಗಿ ತುಂಬ್ತಾನೆ. ನಾನೂ ತುಂಬಿದ್ದೆ, ಪೂರಾ ಸುಳ್ಳು. ಫಾರಂ ನನ್ನ ಹಿಡೀಲಿಲ್ಲ. ನನ್ನ ಹೆಂಡತೀನ ಕೇಳಿದ್ರು, ಅವಳು ಹಿಡಿದ್ಳು."

"ನೀನೇನು ಕೊಲೆಗಾರನೇನೋ?"

"ಒಬ್ಬನನ್ನ ಕೊಲ್ಲೋನಿದ್ದೆ, ಡೂಗಲ್. ನನ್ನನ್ನೇ."

ಹೊರಡುವಾಗ ಡೂಗಲ್ ಕೈ ಕೊಡಲಿಲ್ಲ. ಅವನ ಹೆಂಡತಿ ಕೊಟ್ಟಳು. ಬಹಳ ಹೊತ್ತು ಬಿಡಲಿಲ್ಲ.

ಮೇ 29, ಬೆಳಗ್ಗೆ 7

ಹತ್ತಕ್ಕೆ ಡಾಕ್ಟರ್. ಮೊಯಿರಾಳೇ ಕಾರು ಓಡಿಸುತ್ತಾಳಂತೆ.

ನಿನ್ನೆ ಹೇಳಿದ್ದು ಅರ್ಧವೇ. ಇನ್ನರ್ಧ ಈ ಪುಸ್ತಕದಲ್ಲೂ ಬರೆದಿಲ್ಲ. ಡಾಕ್ಟರಿಗಿಂತ ಮೊದಲು ಅವಳಿಗೆ ಹೇಳಬೇಕು. ಕೋಳಿಗಳಿಗೆ ಕಾಳು ಹಾಕಿ ಬರುತ್ತಿದ್ದಾಳೆ. ಹೇಗೆ ಶುರು ಮಾಡಲಿ?

ಮೊಯಿರಾ, ಏಪ್ರಿಲ್‌ನಲ್ಲಿ ಒಂದು ದಿನ ಬಂದೂಕು ಖಾಲಿ ಇರಲಿಲ್ಲ. ಆಗ ಅಡುಗೆಮನೆ ಕಿಟಕಿಯಲ್ಲಿ ನೀನು ಕಂಡೆ, ಬಂದೂಕಿನಿಂದ ಗುಂಡು ಹೊರತೆಗೆದುಬಿಟ್ಟೆ.