ಆರು ತಿಂಗಳ ಮೇಲೆ ಎರಡು ದಿನ

ಮಾರ್ಚ್ 4, ಮಂಗಳವಾರ

ಇವತ್ತು ಇಪ್ಪತ್ತಮೂರು ನಿಯಮ ಹೊಡೆದುಹಾಕಿದೆ. ನಿನ್ನೆ ಹದಿನೇಳು. ಟೋಪಿ ಇಸ್ತ್ರಿ ಅಂಗಡಿ, ಕುದುರೆ ಮೇವಿನ ಮಂಡಿ, ಕೊಡೆ ರಿಪೇರಿ, ಮಂಜುಗಡ್ಡೆ ದಾಸ್ತಾನು... ಎಲ್ಲವೂ ಕೆಂಪು ಪೆನ್ನಿಗೆ ಆಹುತಿ. 1957ರ ವಲಯ ನಿಯಮಾವಳಿ. ಈ ಮಹಾನಗರದಲ್ಲಿ ಯಾರು ಎಲ್ಲಿ ಏನು ಮಾಡಬಹುದು ಎಂದು ವಿಧಿಸುವ ಒಂಬೈನೂರು ಪುಟದ ಪುರಾಣ. ನಗರ ಯೋಜನಾ ಕಚೇರಿಯಲ್ಲಿ ಅದನ್ನು ಮುನ್ನೂರಕ್ಕೆ ಇಳಿಸುವ ಪುಣ್ಯ ನನ್ನದು.

ಮಧ್ಯಾಹ್ನ ಊಟದ ಕೋಣೆಯಲ್ಲಿ ನಿತ್ಯ ಪಾರಾಯಣ. ನಮ್ಮ ಮುಖ್ಯಸ್ಥೆ ಮಾರ್ಗೊ ಸ್ಯಾಂಡ್‌ವಿಚ್ ಬಿಚ್ಚುತ್ತಾ, "ಥರ್ಮನ್, ಇವತ್ತೇನು ಸಿಕ್ತೋ? ಓದೋ" ಎಂದಳು. ಎದ್ದು ನಿಂತು, ಪಾದ್ರಿಯ ದನಿಯಲ್ಲಿ ಅಡಿಟಿಪ್ಪಣಿ ಮೂವತ್ತೊಂದನ್ನು ಓದಿದೆ: "ಸರೋವರದ ದಂಡೆಯ ಬೀದಿಗಳಲ್ಲಿ, ಮೂಲೆಮನೆಯ ಹಿತ್ತಲಲ್ಲಿ, ಮೀನಿಗೆ ಹೊಗೆ ಹಾಕಬಹುದು, ಒಲೆ ಎರಡಕ್ಕೆ ಮೀರಬಾರದು, ನೆರೆಮನೆಯವರು ಒಣಹಾಕಿದ ಬಟ್ಟೆಗೆ ಬಾಧೆಯಾಗಬಾರದು."

ನಕ್ಕೂ ನಕ್ಕೂ ಮಾರ್ಗೊಗೆ ಕಾಫಿ ಮೂಗಿಗೇರಿತು. ನಾನು ಧನ್ಯ. ಅಲ್ಲೇ ಗೆರೆ ಎಳೆದೆ.

ಹೊಡೆಯುವ ಮುನ್ನ ಆ ಬೀದಿಗೆ ಒಮ್ಮೆ ಹೋಗಿ ನೋಡಿ ಬರಬೇಕೆಂಬುದು ನಮ್ಮದೇ ನಿಯಮ. ಹೊರಗೆ ಮೈನಸ್ ಹನ್ನೊಂದು ಡಿಗ್ರಿ. ಹೋಗಲಿಲ್ಲ.

ಮಾರ್ಚ್ 13, ಗುರುವಾರ

ಹಳೆಯ ಉದ್ಯೋಗಗಳ ಗತಿ ಏನು? ಹೊಸ ನಿಯಮದಲ್ಲಿ ಹೆಸರಿಲ್ಲದಿದ್ದರೂ ನಡೆಯುತ್ತಿರುವುದು ನಡೆಯಬಹುದು. ಬಾಗಿಲು ಹಾಕಿ ಎರಡು ವರ್ಷ ಕಳೆದರೆ ಮಾತ್ರ ಹಕ್ಕು ಹೋಯಿತು. ಎರಡು ವರ್ಷ! ಪಾಳು ಪೆಟ್ರೋಲ್ ಬಂಕುಗಳೆಲ್ಲ ಇದರ ನೆರಳಲ್ಲಿ ಮಲಗಿವೆ. "ಆರು ತಿಂಗಳು" ಎಂದು ತಿದ್ದಿದೆ.

"ಕವಿತೆ ಕಣೋ ಇದು" ಎಂದಳು ಮಾರ್ಗೊ.

ಕವಿ ಅನ್ನಿಸಿಕೊಂಡ ಮೇಲೆ ಬೇಡ ಅನ್ನಲು ಮನಸ್ಸು ಬರಲಿಲ್ಲ.

ಮೇ 21, ಬುಧವಾರ

ಕೌನ್ಸಿಲ್‌ನಲ್ಲಿ ಪಾಸ್! ಇಂದಿನಿಂದಲೇ ಜಾರಿ. ನಿಯಮಾವಳಿಯ ಆಕಾರದ ಕೇಕು. ನಾನು ಅನುಬಂಧ ತಿಂದೆ. ಮನೆಯಲ್ಲಿ ಅಡೆಲ್, "ಇನ್ನಾದ್ರೂ ಊಟಕ್ಕೆ ಕೂತಾಗ ಜನರ ಥರ ಮಾತಾಡ್ತೀಯಾ?" ಎಂದಳು. ಹೆಂಡತಿಯರಿಗೆ ಇತಿಹಾಸಪ್ರಜ್ಞೆ ಕಡಿಮೆ.

ಅಕ್ಟೋಬರ್ 9, ಗುರುವಾರ. ಊಟಕ್ಕೆ ಮುಂಚೆ

ಅಂಚೆಯಲ್ಲಿ ಒಂದು ಪತ್ರ. ನೀಲಿ ಶಾಯಿ, ದುಂಡಗಿನ ಅಕ್ಷರ, ತಾರೀಖು ಹಾಕಿಲ್ಲ. ಬೊಗ್ನಾ ಸ್ಟಾಖುರಾ, ಸರೋವರದ ದಂಡೆ, ಮೂಲೆಮನೆ.

"ನಮ್ಮ ಹಿತ್ತಲಲ್ಲಿ ಅಜ್ಜಿಯ ಕಾಲದಿಂದ ಮೀನಿಗೆ ಹೊಗೆ ಹಾಕುತ್ತೇವೆ. ಗುಡ್ ಫ್ರೈಡೇ ದಿನ, ಏಪ್ರಿಲ್ 18ಕ್ಕೆ, ಒಲೆ ಆರಿಸಿದೆ. ಎಂದಿನಂತೆ ನವೆಂಬರ್ ಒಂದಕ್ಕೆ ಹಚ್ಚುತ್ತೇನೆ. ಏನೋ ಹೊಸ ಕಾನೂನು ಬಂದಿದೆಯಂತೆ. ನಾನು ಏನಾದರೂ ಮಾಡಬೇಕಾ?"

ಎರಡು ಸಲ ಓದಿದೆ. ಬೆರಳು ಮಡಚಿ ಎಣಿಸಿದೆ. ಗಡುವು ಓಡುವುದು ಕಾನೂನು ಬಂದ ದಿನದಿಂದಲ್ಲ, ಕೆಲಸ ನಿಂತ ದಿನದಿಂದ. ಏಪ್ರಿಲ್ 18ರಿಂದ ಆರು ತಿಂಗಳು — ಬರುವ ಅಕ್ಟೋಬರ್ 18. ಅಷ್ಟರೊಳಗೆ ಒಲೆ ಹತ್ತದಿದ್ದರೆ ಹಕ್ಕು ಶಾಶ್ವತವಾಗಿ ಹೋಯಿತು. ಅಡಿಟಿಪ್ಪಣಿ ಇದ್ದಿದ್ದರೆ ಚಿಂತೆಯೇ ಇರಲಿಲ್ಲ. ಅದನ್ನು ನಾನು ಹೊಡೆದೆ. ಎರಡು ವರ್ಷದ ಗಡುವಿದ್ದರೂ ಚಿಂತೆ ಇರಲಿಲ್ಲ. ಅದನ್ನು ಕತ್ತರಿಸಿದವನೂ ನಾನೇ.

ಉತ್ತರ ಒಂದೇ ಸಾಲು: "ಅಮ್ಮಾ, 18ರೊಳಗೆ ಒಂದೇ ಒಂದು ಮೀನನ್ನಾದರೂ ಹೊಗೆಗೆ ಹಾಕಿ." ಫೋನ್ ನಂಬರ್ ಕೂಡ ಬರೆದಿದ್ದಾಳೆ, ಪುಣ್ಯಾತ್ಗಿತ್ತಿ.

ಆದರೆ ಆಮೇಲೆ "ಯಾಕೆ?" ಎಂದು ಕೇಳುತ್ತಾಳಲ್ಲ. 17ಕ್ಕೆ ನಗರ ಯೋಜಕರ ಸಮ್ಮೇಳನ. ನಮ್ಮ ನಿಯಮಾವಳಿಗೆ ಬಹುಮಾನ. ಭಾಷಣ ನನ್ನದು. ವಿಷಯ: ಒಬ್ಬರನ್ನೂ ನೋಯಿಸದೆ ಮಾಡಿದ ಸುಧಾರಣೆ.

ಪತ್ರಕ್ಕೆ ಬಂದ ತಾರೀಖಿನ ಮುದ್ರೆ ಒತ್ತಲಿಲ್ಲ. ಫೈಲುಗಳ ಅಡಿಗೆ ಇಟ್ಟೆ. ನಾಳೆ ನೋಡೋಣ.

ಅಕ್ಟೋಬರ್ 10

ನಾಳೆ.

ಅಕ್ಟೋಬರ್ 14, ಮಂಗಳವಾರ

ಫೋನ್ ಎತ್ತಿದೆ. ಆರು ಅಂಕಿ ಒತ್ತಿದೆ. ಮಾರ್ಗೊ ಬಂದಳು, "ಭಾಷಣ ಹದಿನೈದು ನಿಮಿಷ ಮೀರಬಾರದು ನೋಡು" ಎಂದಳು. ಇಟ್ಟೆ. ಆರು ಅಂಕಿಯವರೆಗೆ ಹೋದದ್ದಕ್ಕೂ ಸ್ವಲ್ಪ ಪುಣ್ಯ ಇರಬಹುದೇನೋ...

ಅಕ್ಟೋಬರ್ 17, ಶುಕ್ರವಾರ

ಚಪ್ಪಾಳೆ. ಗಾಜಿನ ಫಲಕ. ಹೋಟೆಲ್ ಊಟದಲ್ಲಿ ಹೊಗೆ ಹಾಕಿದ ಟ್ರೌಟ್. ದೇವರಿಗೆ ಹಾಸ್ಯ ಗೊತ್ತು, ಹಾಸ್ಯದ ಮಿತಿ ಗೊತ್ತಿಲ್ಲ.

ಅಕ್ಟೋಬರ್ 20, ಸೋಮವಾರ

ಪತ್ರ ಹೊರತೆಗೆದೆ. "ಸ್ವೀಕರಿಸಿದೆ" ಮುದ್ರೆ ಒತ್ತಿದೆ. ಇವತ್ತಿನ ತಾರೀಖು. ಅಂಚೆಯ ತಾರೀಖಿದ್ದ ಲಕೋಟೆ ಹರಿದು ಬುಟ್ಟಿಗೆ.

ಆರು ತಿಂಗಳ ಮೇಲೆ ಎರಡು ದಿನ. ನಮ್ಮ ಕಚೇರಿಯ ಲೆಕ್ಕದಲ್ಲಿ ಆಕೆ ತಡವಾಗಿ ಕೇಳಿದಳು. ಪತ್ರ ಬರೆದೆ: ವಿಷಾದಿಸುತ್ತೇವೆ, ಹಕ್ಕು ರದ್ದಾಗಿದೆ, ಮೇಲ್ಮನವಿಗೆ ಅವಕಾಶವಿದೆ. "ವಿಷಾದಿಸುತ್ತೇವೆ" ಎಂಬಲ್ಲಿ ಬಹುವಚನ. ತುಂಬಾ ಅನುಕೂಲದ ಪ್ರತ್ಯಯ.

ಅಕ್ಟೋಬರ್ 29, ಬುಧವಾರ

ಬಂದಳು. ಎಪ್ಪತ್ತರ ಮೇಲಿನ ಹೆಂಗಸು, ಗಂಡಸರ ಕೋಟು, ಮೈಯೆಲ್ಲ ಮೇಪಲ್ ಸೌದೆಯ ವಾಸನೆ. ಕೌಂಟರಿನಲ್ಲಿ ನನ್ನನ್ನೇ ಕೇಳಿದಳಂತೆ. ಪತ್ರದ ಕೆಳಗೆ ಥರ್ಮನ್ ಗ್ಯಾಡ್ಸನ್ ಎಂದು ನನ್ನ ಹೆಸರಿತ್ತಲ್ಲ.

"ಗ್ಯಾಡ್ಸನ್ ಅಂದ್ರೆ ನೀನೇನಪ್ಪ? ಇಷ್ಟು ಮೆತ್ತಗಿದೀಯ! ಪತ್ರದಲ್ಲಿ ದೊಡ್ಡ ಜಡ್ಜ್ ಥರ ಬರ್ದಿದ್ದೆ."

"ಕೂತ್ಕೊಳ್ಳಿ ಅಮ್ಮ."

"ಕೂರಲ್ಲ, ಎದ್ದೇಳೋಕೆ ಆಗಲ್ಲ. ನೋಡು, ಈಸ್ಟರ್ ಮುಂಚಿನ ನಲವತ್ತು ದಿನ, ಕ್ರಿಸ್‌ಮಸ್ ಹಿಂದಿನ ಸಂಜೆ. ನಮ್ಮ ಪೋಲಿಷ್ ಜನ ಮೀನು ತಿನ್ನೋದೇ ಆವಾಗ. ಬೇಸಿಗೇಲಿ ಯಾರಪ್ಪ ಹೊಗೆ ಹಾಕ್ತಾರೆ? ನೊಣ ಮುತ್ತಲ್ವಾ? ನಿಮ್ಮ ಕಾನೂನು ಬರ್ದೋನು ಒಂದಿನ ಮೀನು ಕಂಡಿದ್ನಾ?"

"ಇಲ್ಲ" ಎಂದೆ. ಇಡೀ ದಿನದಲ್ಲಿ ಆಡಿದ ಒಂದೇ ಸತ್ಯ.

"ಪತ್ರ ಬೇಗನೇ ಹಾಕಿದ್ದೆ ಕಣಪ್ಪ. ತಾರೀಖು ನೆನಪಿಲ್ಲ. ಎಲೆ ಕೆಂಪಾಗ್ತಿತ್ತು. ಪೋಸ್ಟಿನೋರು ಎಲ್ಲಿ ಬಿದ್ದಿದ್ರೋ! ನಿಂದೇನು ತಪ್ಪು ಬಿಡು."

ಮೇಲ್ಮನವಿ ಅರ್ಜಿ ತುಂಬಲು ಸಹಾಯ ಮಾಡಿದೆ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಒಳ್ಳೇವ್ರೂ ಇದೀರ ಇಲ್ಲಿ" ಎಂದಳು. ಸೀದಾ ಬಾತ್‌ರೂಮಿಗೆ ಹೋಗಿ ಕೈ ತೊಳೆದೆ. ಹೊಗೆ ವಾಸನೆ ಹೋಗಲಿ ಎಂದು. ಹಾಗೆಂದೇ ಹೇಳಿಕೊಂಡೆ.

ನವೆಂಬರ್ 1, ಶನಿವಾರ

ಕಾರು ತಾನಾಗಿ ಆ ಬೀದಿಗೆ ಹೋಯಿತು. ಮೂಲೆಮನೆ. ಬಾಗಿಲಲ್ಲಿ ಮೀನಿಗೆ ಬಂದ ಆರೇಳು ಮುದುಕಿಯರು, ಕೈಯಲ್ಲಿ ಚೀಲ. ಚಿಮಣಿಯಲ್ಲಿ ಹೊಗೆಯಿಲ್ಲ. ಇಳಿಯಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

ರಾತ್ರಿ ಊಟಕ್ಕೆ ಅಡೆಲ್‌ಗೆ ಎಲ್ಲ ಹೇಳಿದೆ. ತಟ್ಟೆ ಪಕ್ಕಕ್ಕೆ ಸರಿಸಿದಳು.

"ನಕ್ಕಿದ್ದಕ್ಕೆ ಯಾರೂ ನಿನ್ನ ನೇಣಿಗೆ ಹಾಕ್ತಿರ್ಲಿಲ್ಲ, ಥರ್ಮನ್. ಮುದ್ರೆ ಯಾಕೋ ಒತ್ತಿದೆ?"

"ಹೇಳಿದ್ರೆ ಕೆಲಸ ಹೋಗುತ್ತೆ."

"ಹೇಳದಿದ್ರೂ ಒಂದು ಕೆಲಸ ಹೋಗ್ತಿದೆ. ನಿಂದಲ್ಲ ಅಷ್ಟೇ."

ನವೆಂಬರ್ 12, ಬುಧವಾರ. ಬೆಳಿಗ್ಗೆ 10:40. ಮೇಲ್ಮನವಿ ಮಂಡಳಿ, ಹೊರಗಿನ ಬೆಂಚು

ಮೈಕ್ ಕೆಟ್ಟಿದೆ. ಹತ್ತು ನಿಮಿಷ ವಿರಾಮ. ಅದಕ್ಕೇ ಬರೆಯುತ್ತಿದ್ದೇನೆ.

ನಿಯಮ ಸರಳ. ಗಡುವಿನೊಳಗೆ ಕೇಳಿದವರಿಗೆ ನಾವು ಉತ್ತರಿಸದಿದ್ದರೆ ಗಡುವು ಓಡುವುದಿಲ್ಲ. ಅಂದರೆ ಎಲ್ಲವೂ ಒಂದು ತಾರೀಖಿನ ಮೇಲೆ ನಿಂತಿದೆ. ಅಧ್ಯಕ್ಷೆ ಮುದ್ರೆಯನ್ನು ಕನ್ನಡಕದ ಮೇಲಿಂದ ನೋಡಿ, "ಗ್ಯಾಡ್ಸನ್, ಈ ಪತ್ರ ನಿಮ್ಮ ಕೈಗೆ ಬಂದದ್ದು ನಿಜವಾಗಿ ಯಾವತ್ತು?" ಎಂದರು. ಅಷ್ಟರಲ್ಲಿ ಮೈಕ್ ಕಿರುಚಿತು. ಮೈಕಿಗೆ ನನಗಿಂತ ನಾಚಿಕೆ.

ನಗರದ ವಕೀಲ ಪಿಸುಗುಟ್ಟಿದ: "ಮುದ್ರೇಲಿ ಏನಿದೆಯೋ ಅದೇ ಅನ್ನು. ಮುಗೀತು."

ಬೊಗ್ನಾ ಬಂದು ಪಕ್ಕದಲ್ಲಿ ಕೂತಳು. ಕೂರಲ್ಲ ಎಂದವಳು. ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಊಟದ ಕೋಣೆಯ ನಗು, ಪತ್ರ ಬಂದ ದಿನ, ಫೈಲುಗಳ ಅಡಿ, ಮುದ್ರೆ, ಹರಿದ ಲಕೋಟೆ.

"ನಕ್ಕಿದ್ದು ಬಿಡು" ಎಂದಳು. "ನಮ್ಮಜ್ಜಿನೂ ನಗ್ತಿದ್ಲು ಆ ನಿಯಮಕ್ಕೆ." ಆಮೇಲೆ ನನ್ನ ಮುಖ ನೋಡದೆ, "ಗಡುವಿಗೆ ಇನ್ನೂ ಒಂಬತ್ತು ದಿನ ಇತ್ತಾ?"

"ಇತ್ತು ಅಮ್ಮ."

"ಒಂದು ಮೀನಿಗೆ ನಾಲ್ಕು ಗಂಟೆ ಸಾಕು ಕಣೋ." ಕಣಪ್ಪ ಹೋಗಿ ಕಣೋ ಆಗಿತ್ತು. ಕೋಟಿನ ಗುಂಡಿ ಹಾಕಿಕೊಂಡಳು, ಬಿಚ್ಚಿದಳು. "ಒಳಗೂ ಹೀಗೇ ಹೇಳ್ತೀಯಾ? ಇಲ್ಲ ನನ್ನ ಹತ್ರ ಹೇಳಿ ಹಗುರ ಮಾಡ್ಕೊಂಡ್ಯಾ?"

ಬೆಂಚಿನ ಕೈ ಹಿಡಿದು ಏಳಲು ನೋಡಿದಳು. ನಾನು ಕೈ ಚಾಚಿದೆ. ಹಿಡಿಯಲಿಲ್ಲ. ತಾನೇ ಎದ್ದು ಒಳಗೆ ಹೋದಳು.

ಬಾಗಿಲು ತೆರೆಯಿತು. ನನ್ನ ಹೆಸರು ಕರೆಯುತ್ತಿದ್ದಾರೆ. ಒಳಗೂ ಹೀಗೇ ಹೇಳಬೇಕು: ಅಕ್ಟೋಬರ್ ಒಂಬತ್ತು. ಗುರುವಾರ. ಊಟಕ್ಕೆ ಮುಂಚೆ. ನನ್ನ ಕೈಗೇ. ಮುದ್ರೆ ಒತ್ತಿದವನೂ ನಾನೇ.